ಬೆಕ್ಕಿನ ಮರಿಗಳ ಶ್ವೇತಕಣನಾಶ ರೋಗ: ಸ್ವರೂಪ ಮತ್ತು ಶುಶ್ರೂಷೆ

ಬೆಕ್ಕಿನ ಮರಿಗಳಿಗೆ ತಗಲುವ ಅಂಟುರೋಗಗಳಲ್ಲಿ ಅತ್ಯಂತ ಮಾರಕವಾದವುಗಳ ಸಾಲಿಗೆ ಸೇರುವುದು ಪ್ಯಾನ್‌ಲ್ಯೂಕೊಪೀನಿಯ ಎಂಬ ರೋಗ. ರಕ್ತದಲ್ಲಿರುವ ಬಿಳಿಯ ಕಣಗಳೆಲ್ಲವೂ ಕ್ಷೀಣಿಸುವುದೆಂಬುದೇ ಗ್ರೀಕ್ ಮೂಲದ ಈ ಹೆಸರಿನ ಅರ್ಥ. ಆದುದರಿಂದ ಇದನ್ನು ನಾವು ಇಲ್ಲಿ ಶ್ವೇತಕಣನಾಶ ರೋಗವೆಂದು ಕರೆದಿದ್ದೇವೆ. ರೋಗಿಯಾದ ಮರಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಪಾಲಕರ ಮೊದಲ ಪ್ರಶ್ನೆ. ಅದನ್ನು ಉಳಿಸುವ ಕೈಗಳೇ ರೋಗವನ್ನು ಇತರ ಮರಿಗಳಿಗೆ ಒಯ್ಯದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಎರಡನೆಯದು. ಮೊದಲನೆಯದರ ಆತುರದಲ್ಲಿ ಎರಡನೆಯದು ಮರೆತುಹೋಗುವುದರಿಂದಲೇ ಅನೇಕ ಮನೆಗಳಲ್ಲಿ ಒಂದು ಮರಿಯ ಕಾಯಿಲೆ ಇಡೀ ಸೂಲಿನ ಸಾವಾಗಿ ಪರಿಣಮಿಸುತ್ತದೆ.

ಸೂಕ್ಷ್ಮ ಶೋಧಕಗಳನ್ನೂ ದಾಟಿಹೋಗುವ ವಿಷಾಣುವೊಂದು ಈ ರೋಗಕ್ಕೆ ಕಾರಣವೆಂಬುದನ್ನು ೧೯೨೮ರಲ್ಲಿ ವರ್ಜ್ ಮತ್ತು ಕ್ರಿಸ್ಟೊಫೊರೊನಿ ಎಂಬ ವಿಜ್ಞಾನಿಗಳು ತೋರಿಸಿದರು. ೧೯೩೯ರಲ್ಲಿ ಅಮೆರಿಕದ ಹ್ಯಾಮನ್ ಮತ್ತು ಎಂಡರ್ಸ್ ಅವರು ಬಿಳಿಯ ಕಣಗಳ ನಾಶಕ್ಕೂ ಕರುಳಿನ ಹುಣ್ಣಿಗೂ ಇರುವ ಸಂಬಂಧವನ್ನು ವಿವರವಾಗಿ ವರ್ಣಿಸಿದರು. ಇದೇ ಎಂಡರ್ಸ್ ಅವರು ಮುಂದೆ ಪೋಲಿಯೊ ವಿಷಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕಾರ್ಯಕ್ಕಾಗಿ ೧೯೫೪ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ೧೯೬೪ರಲ್ಲಿ ಜಾನ್ಸನ್ ಎಂಬ ವಿಜ್ಞಾನಿ ಇದೇ ಲಕ್ಷಣಗಳಿದ್ದ ಚಿರತೆಯೊಂದರಿಂದ ವಿಷಾಣುವನ್ನು ಬೇರ್ಪಡಿಸಿದುದನ್ನು ವರದಿಮಾಡಿದರು. ಮನೆಯ ಬೆಕ್ಕಿನ ಬಂಧುಗಳಾದ ಕಾಡುಪ್ರಾಣಿಗಳೂ ಈ ಪಿಡುಗಿಗೆ ಹೊರತಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ. ಮನುಷ್ಯರಿಗೆ ಮಾತ್ರ ಇದು ಅಂಟುವುದಿಲ್ಲ.

ರೋಗದ ಲಕ್ಷಣಗಳನ್ನು ಬಿಡಿಬಿಡಿಯಾಗಿ ನೆನಪಿಡುವುದಕ್ಕಿಂತ ವಿಷಾಣುವಿನ ಒಂದು ಸ್ವಭಾವವನ್ನು ತಿಳಿದುಕೊಳ್ಳುವುದು ಲೇಸು. ಪಾರ್ವೊ ಕುಟುಂಬಕ್ಕೆ ಸೇರಿದ ಈ ಅತಿ ಚಿಕ್ಕ ವಿಷಾಣು ತಾನಾಗಿಯೇ ವೃದ್ಧಿಹೊಂದಲಾರದು. ವೇಗವಾಗಿ ವಿಭಜನೆಗೊಳ್ಳುತ್ತಿರುವ ಜೀವಕೋಶಗಳ ಸಲಕರಣೆಯನ್ನು ಅದು ಎರವಲು ಪಡೆಯಬೇಕು. ಬೆಳೆಯುವ ಮರಿಯಲ್ಲಿ ಇಂತಹ ಕೋಶಗಳು ಹೇರಳವಾಗಿರುವುದು ಎಲುಬಿನ ಮಜ್ಜೆಯಲ್ಲಿ ಮತ್ತು ಕರುಳಿನ ಒಳಪದರದಲ್ಲಿ. ಮಜ್ಜೆಯು ಕೆಟ್ಟಾಗ ಬಿಳಿಯ ಕಣಗಳ ಉತ್ಪತ್ತಿ ನಿಲ್ಲುತ್ತದೆ. ಆರೋಗ್ಯವಂತ ಬೆಕ್ಕಿನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು ೫,೫೦೦ರಿಂದ ೧೯,೫೦೦ರವರೆಗೆ ಇರುವ ಈ ಕಣಗಳು ತೀವ್ರ ರೋಗದಲ್ಲಿ ೨,೦೦೦ಕ್ಕಿಂತ ಕೆಳಗೆ, ಕೆಲವೊಮ್ಮೆ ಕೆಲವೇ ನೂರುಗಳಿಗೆ ಇಳಿಯುತ್ತವೆ. ಅದೇ ವೇಳೆಗೆ ಕರುಳಿನ ಒಳಪದರ ಕಳಚಿಬೀಳುವುದರಿಂದ ನೀರು ಆಹಾರಗಳು ಹೀರಲ್ಪಡುವುದಿಲ್ಲ; ಕರುಳಿನಲ್ಲಿರುವ ಬ್ಯಾಕ್ಟೀರಿಯಗಳು ರಕ್ತಕ್ಕೆ ನುಗ್ಗುತ್ತವೆ. ಕೋಟೆಯ ಗೋಡೆ ಬಿದ್ದ ದಿನವೇ ಕಾವಲಿನವರೂ ಇಲ್ಲವಾದಂತಾಗುತ್ತದೆ ಮರಿಯ ಸ್ಥಿತಿ. ಅದು ಸಾಯುವುದು ಬಹುಮಟ್ಟಿಗೆ ದೇಹದ ನೀರು ಬತ್ತುವುದರಿಂದ, ರಕ್ತಕ್ಕೆ ನಂಜೇರುವುದರಿಂದ ಮತ್ತು ರಕ್ತದ ಸಕ್ಕರೆ ಇಳಿಯುವುದರಿಂದ.

ಸೋಂಕು ತಗಲಿದ ೨ರಿಂದ ೧೦ ದಿನಗಳಲ್ಲಿ ಲಕ್ಷಣಗಳು ತೋರುತ್ತವೆ. ಮರಿ ಆಟವನ್ನು ಬಿಟ್ಟು ಮೂಲೆ ಸೇರುತ್ತದೆ. ಜ್ವರವು ೧೦೪ ಡಿಗ್ರಿ ಫ್ಯಾರನ್‌ಹೀಟನ್ನು ಮೀರುತ್ತದೆ. ಹಳದಿಯ ಪಿತ್ತವನ್ನು ವಾಂತಿಮಾಡುತ್ತದೆ. ನೀರಿನ ಬಟ್ಟಲಿನ ಮುಂದೆ ತಲೆ ಬಾಗಿಸಿ ಕುಳಿತಿದ್ದರೂ ಕುಡಿಯುವುದಿಲ್ಲ. ಭೇದಿಯು ಅನಂತರ ಬರಬಹುದು, ಬಾರದೆಯೂ ಇರಬಹುದು. ಕೆಲವು ಮರಿಗಳು ಒಂದೇ ದಿನದಲ್ಲಿ ಸಾಯುವುದರಿಂದ ಯಾರೋ ವಿಷವಿಕ್ಕಿದರೆಂದು ಜನ ಶಂಕಿಸುವುದುಂಟು. ಜ್ವರ ಇಳಿದು ಮೈ ತಣ್ಣಗಾಗುವುದು ಗುಣವಾಗುವ ಚಿಹ್ನೆಯೆಂದು ಭ್ರಮಿಸಬಾರದು. ಮರಿ ಜಡವಾಗಿಯೇ ಇದ್ದು ದೇಹದ ಉಷ್ಣತೆ ಸಹಜ ಮಟ್ಟಕ್ಕಿಂತ ಕೆಳಗಿಳಿದರೆ ಅದು ಅಪಾಯದ ಸೂಚನೆ. ನಾಯಿಗಳ ಪಾರ್ವೊ ರೋಗವನ್ನು ಪತ್ತೆಮಾಡಲು ಪಶುವೈದ್ಯರು ಬಳಸುವ ಮಲಪರೀಕ್ಷೆಯ ಸಾಧನ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ರೋಗ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ನಿಶ್ಚಯಿಸಲಾಗದು. ರಕ್ತದ ಕಣಗಳ ಎಣಿಕೆಯೂ ಅವಶ್ಯಕ.

ಈ ವಿಷಾಣುವನ್ನು ನಿಶ್ಚಿತವಾಗಿ ಕೊಲ್ಲುವ ಔಷಧವಿಲ್ಲ. ಆದರೆ ಮಜ್ಜೆಗೂ ಕರುಳಿಗೂ ಮತ್ತೆ ಚಿಗುರುವ ಶಕ್ತಿಯುಂಟು. ಆ ಚಿಗುರು ಮೂಡುವ ತನಕ, ಎಂದರೆ ಸುಮಾರು ಐದರಿಂದ ಏಳು ದಿನಗಳವರೆಗೆ, ದೇಹವನ್ನು ಆತುಕೊಂಡು ನಿಲ್ಲುವುದೇ ಚಿಕಿತ್ಸೆಯ ಸಾರ. ಕಳೆದುಹೋದ ನೀರು ಲವಣಗಳನ್ನು ಪಶುವೈದ್ಯರು ರಕ್ತನಾಳದ ಮೂಲಕ, ಕೆಲವೊಮ್ಮೆ ಚರ್ಮದಡಿಯಲ್ಲಿ, ತುಂಬಿಕೊಡುತ್ತಾರೆ. ವಾಂತಿಯನ್ನು ತಡೆಯುವ ಮದ್ದನ್ನೂ ಪ್ರತಿಜೈವಿಕಗಳನ್ನೂ ಕೊಡುತ್ತಾರೆ. ಪ್ರತಿಜೈವಿಕಗಳು ವಿಷಾಣುವಿನ ಮೇಲೆ ಪ್ರಯೋಗಿಸಿದ ಅಸ್ತ್ರಗಳಲ್ಲ. ರಕ್ತಕ್ಕೆ ನುಗ್ಗಿದ ಬ್ಯಾಕ್ಟೀರಿಯಗಳನ್ನು ತಡೆಯಲು ಇಟ್ಟ ಕಾವಲು.

ಮನೆಯವರ ಕರ್ತವ್ಯವೂ ಕಡಿಮೆಯದಲ್ಲ. ಮರಿಯನ್ನು ಬೆಚ್ಚಗಿಡಬೇಕು, ಮೈ ತಣ್ಣಗಿರುವ ಮರಿಯ ಬಾಯಿಗೆ ಆಹಾರವನ್ನು ತುರುಕಬಾರದು. ವಾಂತಿ ತಗ್ಗಿದೊಡನೆ ಸುಲಭವಾಗಿ ಜೀರ್ಣವಾಗುವ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಬಹುದಿನ ಉಪವಾಸವಿರಿಸುವ ಹಿಂದಿನ ಪದ್ಧತಿಯನ್ನು ಈಗ ಕೈಬಿಡಲಾಗಿದೆ, ಏಕೆಂದರೆ ಕರುಳಿನ ಕೋಶಗಳಿಗೆ ಪೋಷಣೆ ದೊರೆಯುವುದು ಕರುಳಿನೊಳಗಿನ ಆಹಾರದಿಂದಲೂ ಹೌದು. ಹಸುವಿನ ಹಾಲು ಭೇದಿಯನ್ನು ಹೆಚ್ಚಿಸುವುದರಿಂದ ಸಲ್ಲದು. ಪ್ರತಿದಿನ ಒಂದೇ ಹೊತ್ತಿನಲ್ಲಿ ಮರಿಯನ್ನು ತೂಗಿ ಬರೆದಿಡುವುದು ವೈದ್ಯರಿಗೆ ಬಹಳ ನೆರವಾಗುತ್ತದೆ. ಜ್ವರವಿದೆಯೆಂದು ಮನುಷ್ಯರ ಪ್ಯಾರಸಿಟಮಾಲ್ ಗುಳಿಗೆಯ ಚೂರನ್ನೂ ಕೊಡಬಾರದು. ಬೆಕ್ಕಿನ ದೇಹ ಅದನ್ನು ಜೀರ್ಣಿಸಿಕೊಳ್ಳಲಾರದೆ ವಿಷವೇರಿ ಸಾಯುತ್ತದೆ. ಮೊದಲ ಐದು ದಿನಗಳನ್ನು ದಾಟಿದ ಮರಿಯ ವಿಷಯದಲ್ಲಿ ಭರವಸೆ ತಾಳಬಹುದು. ಬದುಕಿದ ಮರಿಗೆ ಈ ರೋಗದ ವಿರುದ್ಧ ದೀರ್ಘಕಾಲದ ರಕ್ಷಣೆ ಲಭಿಸುತ್ತದೆ.

ಇನ್ನು ಕೈಗಳ ವಿಷಯ. ರೋಗಿಯ ಮಲ ಮತ್ತು ವಾಂತಿಯಲ್ಲಿ ವಿಷಾಣು ಅಪಾರವಾಗಿರುತ್ತದೆ. ಗುಣವಾದ ಮೇಲೆಯೂ ಆರು ವಾರಗಳವರೆಗೆ ಮಲದಲ್ಲಿ ಹೊರಬೀಳಬಹುದು. ಕೋಣೆಯ ಸಾಮಾನ್ಯ ಹವೆಯಲ್ಲಿ ಅದು ಒಂದು ವರ್ಷದವರೆಗೂ ಜೀವಂತವಾಗಿರಬಲ್ಲುದು. ಕೈಗೆ ಸವರಿಕೊಳ್ಳುವ ಸ್ಪಿರಿಟ್ ದ್ರವಗಳಿಂದ ಅದು ಸಾಯುವುದಿಲ್ಲ. ನಮ್ಮ ಮನೆಗಳಲ್ಲಿ ನೆಲವೊರೆಸಲು ಬಳಸುವ ಫಿನಾಯಿಲನ್ನು ನಂಬುವಂತಿಲ್ಲ. ಅಷ್ಟೇ ಅಲ್ಲದೆ ಫೀನಾಲ್ ಬೆರೆತ ದ್ರವಗಳು ಬೆಕ್ಕುಗಳಿಗೇ ವಿಷ. ಮೊದಲು ಹೊಲಸನ್ನು ಸಾಬೂನಿನ ನೀರಿನಿಂದ ಪೂರ್ತಿ ತೊಳೆದು, ಅನಂತರ ಮನೆಬಳಕೆಯ ದ್ರವರೂಪದ ಬ್ಲೀಚನ್ನು ಒಂದು ಪಾಲಿಗೆ ೩೨ ಪಾಲು ನೀರಿನಂತೆ ಆಗತಾನೆ ಬೆರೆಸಿ, ೧೦ ನಿಮಿಷ ಒದ್ದೆಯಾಗಿಯೇ ಬಿಟ್ಟು, ಮತ್ತೆ ತೊಳೆದು ಒಣಗಿಸಬೇಕು. ಹೊಲಸಿನ ಮೇಲೆಯೇ ಸುರಿದ ಬ್ಲೀಚ್ ನಿಷ್ಫಲ. ಎರಡು ಕಡೆ ಮರಿಗಳಿದ್ದಲ್ಲಿ ಆರೋಗ್ಯವಾಗಿರುವವುಗಳ ಕೆಲಸವನ್ನು ಮೊದಲು ಮುಗಿಸಿ, ರೋಗಿಯ ಬಳಿಗೆ ಕೊನೆಯಲ್ಲಿ ಹೋಗಬೇಕು. ಅಲ್ಲಿಯ ಮೇಲಂಗಿ, ಚಪ್ಪಲಿ, ಬಟ್ಟಲುಗಳು ಅಲ್ಲಿಯೇ ಉಳಿಯಬೇಕು. ಮರಿ ಸತ್ತಿತೆಂಬ ದುಃಖದಲ್ಲಿ ಕೂಡಲೇ ಇನ್ನೊಂದು ಮರಿಯನ್ನು ಅದೇ ಮನೆಗೆ ತರುವುದು ಅದನ್ನೂ ಅದೇ ದಾರಿಗೆ ಕಳುಹಿಸಿದಂತೆ; ಮೊದಲು ಲಸಿಕೆಯಿಂದ ಅದಕ್ಕೆ ರಕ್ಷಣೆ ದೊರೆತಿರಬೇಕು.

ಲಸಿಕೆಯನ್ನು ಒಂದೇ ಸಲ ಹಾಕಿದರೆ ಸಾಲದೇಕೆಂಬ ಪ್ರಶ್ನೆ ಸಹಜ. ತಾಯಿಯ ಹಾಲಿನಿಂದ ಬಂದ ರಕ್ಷಣಾವಸ್ತುಗಳು ಮರಿಯನ್ನು ಕಾಯುವಂತೆಯೇ ಲಸಿಕೆಯನ್ನೂ ನಿಷ್ಫಲಗೊಳಿಸುತ್ತವೆ. ಅವು ಯಾವ ವಾರ ಮುಗಿಯುವುವೆಂಬುದು ಮರಿಯಿಂದ ಮರಿಗೆ ಬೇರೆ. ಆದುದರಿಂದ ೬ರಿಂದ ೮ ವಾರಗಳ ವಯಸ್ಸಿನಲ್ಲಿ ಆರಂಭಿಸಿ, ೩–೪ ವಾರಗಳಿಗೊಮ್ಮೆ, ಮರಿಗೆ ಕನಿಷ್ಠ ೧೬ ವಾರ ತುಂಬುವವರೆಗೆ ಹಾಕಿಸುವುದು ರೂಢಿಯಲ್ಲಿದೆ. ಗಬ್ಬದ ಬೆಕ್ಕಿಗೂ ನಾಲ್ಕು ವಾರ ತುಂಬದ ಮರಿಗೂ ಸಜೀವ ಲಸಿಕೆ ಸಲ್ಲದು. ಹೊಟ್ಟೆಯಲ್ಲಿದ್ದಾಗ ಸೋಂಕು ತಗಲಿದರೆ ಮರಿಯ ಅನುಮಸ್ತಿಷ್ಕ ಬೆಳೆಯದೆ, ನಡೆಯುವಾಗ ತೂರಾಡುತ್ತದೆ. ಆದರೆ ಈ ದೋಷ ಕಾಲಕ್ರಮದಲ್ಲಿ ಹೆಚ್ಚುವುದಿಲ್ಲ. ಇಂತಹ ಎಷ್ಟೋ ಬೆಕ್ಕುಗಳು ಮನೆಯೊಳಗೆ ಸುಖವಾಗಿ ಬಾಳುತ್ತವೆ. ಅವಸರದಲ್ಲಿ ಅವುಗಳನ್ನು ಕೊಲ್ಲಿಸುವುದು ಉಚಿತವಲ್ಲ.

ಉತ್ತಮ ಚಿಕಿತ್ಸೆ ದೊರೆತರೂ ಎಲ್ಲ ಮರಿಗಳೂ ಉಳಿಯವೆಂಬುದನ್ನು ಮುಚ್ಚಿಡುವಂತಿಲ್ಲ. ಆದರೆ ರಾತ್ರಿಯಿಡೀ ಎದ್ದಿದ್ದು ಒಂದು ಮರಿಗೆ ನೀರುಣಿಸಿದವರು ಬೆಳಗ್ಗೆ ಕೈಕಾಲು ತೊಳೆದು ಬಟ್ಟೆ ಬದಲಾಯಿಸದೆ ಇನ್ನೊಂದನ್ನು ಎತ್ತಿಕೊಂಡರೆ, ಅವರ ಮಮತೆಯೇ ರೋಗದ ವಾಹನವಾಗುತ್ತದೆ. ಶುಶ್ರೂಷೆ ಮತ್ತು ಶುಚಿ ಇವೆರಡೂ ಇಲ್ಲಿ ಒಂದೇ ಕೆಲಸವೆಂದು ಪಾಲಕರು ಭಾವಿಸಬೇಕೆಂಬುದೇ ನಮ್ಮ ಅರಿಕೆ.