ಚಳಿಗಾಲದ ಮುಂಜಾವಿನಲ್ಲಿ ಟ್ರ್ಯಾಕ್ಟರಿನ ಗೇರು ಬಿಗಿಯಾಗುವುದೇಕೆ?



ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಮ್ಮ ಬಯಲುಸೀಮೆಯ ಚಳಿ ಎಂಥದೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಬೀದರ, ವಿಜಯಪುರದ ಕಡೆ ಕೆಲವು ರಾತ್ರಿ ಉಷ್ಣಮಾನವು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದುಂಟು. ಕಬ್ಬಿನ ಹಂಗಾಮು ನಡೆಯುವುದೂ ಇದೇ ಕಾಲದಲ್ಲಿ. ಹೊತ್ತು ಮೂಡುವ ಮೊದಲೇ ಟ್ರ್ಯಾಕ್ಟರು ಹೊರಡಬೇಕು. ಆ ಹೊತ್ತಿಗೇ ಗೇರು ಬೀಳುವುದಿಲ್ಲ. ಹಿಡಿ ಕಲ್ಲಿನಲ್ಲಿ ನೆಟ್ಟಂತೆ ನಿಂತಿರುತ್ತದೆ.

ಹೋದ ವರ್ಷ ಪುಷ್ಯ ಮಾಸದಲ್ಲಿ ನಾನು ಒಂದು ಹಳ್ಳಿಗೆ ಹೋಗಿದ್ದಾಗ ಒಬ್ಬ ರೈತರು ಇದೇ ಮಾತನ್ನು ಕೇಳಿದರು. "ಥಂಡಿ ಕಡಿಮೆಯಾದ ಮೇಲೆ ಸರಿಹೋಗುತ್ತದೆ" ಎಂದು ಹೇಳಿ ನಾನು ಮುಂದೆ ಹೋದೆ. ಮರುದಿನ ಮುಂಜಾನೆ ಅವರ ಮಗ ಎರಡೂ ಕೈಯಿಂದ ಹಿಡಿಯನ್ನು ಜಗ್ಗಿದನು. ಕರಕರ ಸದ್ದಾಗಿ ಗೇರಿನ ಎರಡು ಹಲ್ಲು ಮುರಿದವು. ಟ್ರ್ಯಾಕ್ಟರನ್ನು ನಡುವಿನಲ್ಲಿ ಬಿಚ್ಚಿ ರಿಪೇರಿ ಮಾಡುವುದಕ್ಕೆ ಎಂಟು ದಿನ ಹಿಡಿಯಿತು. ಕಡಿದ ಕಬ್ಬು ಹೊಲದಲ್ಲಿಯೇ ಒಣಗಿ ತೂಕ ಕಳೆದುಕೊಂಡಿತು. ಆ ಮನೆಯ ಹಿರಿಯರು ನನ್ನನ್ನು ಬಯ್ಯಲಿಲ್ಲ. "ಎತ್ತಿಗೂ ಮುಂಜಾನಿ ಮೈ ಬಿಚ್ಚಾಕ ಹೊತ್ತು ಬೇಕ್ರಿ. ಇದಕ್ಕ ಬ್ಯಾಡೇನು?" ಎಂದಷ್ಟೇ ಅಂದರು. ಕೃಷಿ ಡಿಪ್ಲೊಮಾ ಓದಿದ ನಾನು ಟ್ರ್ಯಾಕ್ಟರನ್ನು ಕಣ್ಣಿನಿಂದ ನೋಡದೆ ಮಾತು ಹೇಳಿದ್ದು ತಪ್ಪು. ಆ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಎಣ್ಣೆಯ ಗುಣ

ಗಾಣದ ಮನೆಯಲ್ಲಿ ಜೋನಿಬೆಲ್ಲವನ್ನು ನೋಡಿದ್ದೀರಿ. ಬಿಸಿಯಿದ್ದಾಗ ನೀರಿನಂತೆ ಹರಿಯುತ್ತದೆ. ಮರುದಿನ ಮುಂಜಾನೆ ಅದೇ ಜೋನಿ ಸೌಟಿಗೆ ಅಂಟಿ ಎಳೆಎಳೆಯಾಗಿ ಬೀಳುತ್ತದೆ. ಗೇರ್‌ಬಾಕ್ಸಿನ ಎಣ್ಣೆಯ ಗುಣವೂ ಹೀಗೆಯೇ. ಕೆಲಸ ಮಾಡಿ ಕಾದ ಎಣ್ಣೆ ತೆಳುವಾಗಿರುತ್ತದೆ. ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಎಣ್ಣೆ ಅದಕ್ಕಿಂತ ಹಲವು ಪಟ್ಟು ಮಂದವಾಗಿರುತ್ತದೆ. ಗೇರಿನ ಹಿಡಿಯನ್ನು ನೀವು ಸರಿಸಿದಾಗ ಒಳಗೆ ಕವೆಯಂಥ ಒಂದು ಭಾಗವು ಕಂಬಿಯ ಮೇಲೆ ಜಾರಿ ಗೇರನ್ನು ತಳ್ಳುತ್ತದೆ. ಇವೆಲ್ಲವೂ ಮಂದವಾದ ಎಣ್ಣೆಯಲ್ಲಿ ಸರಿಯಬೇಕಾದ್ದರಿಂದ ಕೈಗೆ ಬಿಗಿ ಎನಿಸುತ್ತದೆ.

ಕೆಲವು ಹೊಸ ಟ್ರ್ಯಾಕ್ಟರುಗಳಲ್ಲಿ, ಹಾಗೂ ಜೀಪು, ಕಾರುಗಳಲ್ಲಿ ಸಿಂಕ್ರೋಮೆಶ್ ಎಂಬ ಏರ್ಪಾಡು ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಹಿತ್ತಾಳೆಯ ಬಳೆಯೊಂದು ಗೇರಿಗೆ ಒತ್ತಿಕೊಂಡು, ಉಜ್ಜಿ, ಎರಡು ಭಾಗಗಳ ವೇಗವನ್ನು ಸಮ ಮಾಡುತ್ತದೆ. ಆಮೇಲೆ ಹಲ್ಲುಗಳು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ಎಣ್ಣೆ ಮಂದವಾಗಿದ್ದರೆ ನಡುವೆ ಉಳಿದ ಎಣ್ಣೆಯ ಪದರವು ಬೇಗ ಸರಿಯುವುದಿಲ್ಲ. ಬಳೆಗೆ ಹಿಡಿತ ಸಿಗುವುದಕ್ಕೆ ತಡವಾಗುತ್ತದೆ. ಅವಸರ ಮಾಡಿದರೆ ಹಲ್ಲಿಗೆ ಹಲ್ಲು ತಾಗಿ ಕರಕರ ಎನ್ನುತ್ತದೆ.

ಎಲ್ಲ ತಪ್ಪೂ ಚಳಿಯದಲ್ಲ

ಗೇರು ಬಿಗಿಯಾದರೆ ಚಳಿಯನ್ನೇ ದೂರಬಾರದು. ತಪ್ಪು ಎಲ್ಲಿದೆಯೆಂಬುದನ್ನು ಮನೆಯ ಅಂಗಳದಲ್ಲಿಯೇ ಪರೀಕ್ಷಿಸಬಹುದು. ಟ್ರ್ಯಾಕ್ಟರನ್ನು ಸಮನೆಲದ ಮೇಲೆ ನಿಲ್ಲಿಸಿ, ಬ್ರೇಕು ಹಾಕಿ, ಗಾಲಿಗೆ ಕಲ್ಲು ಕೊಡಿರಿ. ಮೊದಲು ಎಂಜಿನ್ ಬಂದ್ ಇರುವಾಗ, ಆಮೇಲೆ ಎಂಜಿನ್ ನಡೆಯುತ್ತಿರುವಾಗ, ಕ್ಲಚ್ಚನ್ನು ಪೂರ್ತಿ ಒತ್ತಿ ಗೇರು ಹಾಕಿ ನೋಡಿರಿ.

1. ಎಂಜಿನ್ ಬಂದ್ ಇದ್ದಾಗ ಗೇರು ಸಲೀಸಾಗಿ ಬಿದ್ದು, ಎಂಜಿನ್ ನಡೆಯುವಾಗ ಕರಕರ ಎಂದರೆ ಸಂಶಯವು ಕ್ಲಚ್ಚಿನ ಮೇಲೆ. ಪೆಡಲನ್ನು ಪೂರ್ತಿ ಒತ್ತಿದರೂ ಕ್ಲಚ್ ಪ್ಲೇಟು ಪೂರ್ತಿ ಬಿಡುತ್ತಿಲ್ಲ ಎಂದು ತಿಳಿಯಬೇಕು.

2. ಎರಡು ರೀತಿಯಲ್ಲಿಯೂ ಬಿಗಿಯಾಗಿದ್ದು, ಅರ್ಧ ಗಂಟೆ ಕೆಲಸವಾದ ಮೇಲೆ ಸಡಿಲವಾದರೆ ಎಣ್ಣೆಯ ಕಡೆ ನೋಡಬೇಕು.

3. ಮಧ್ಯಾಹ್ನ ಎಂಜಿನ್ ಕಾದ ಮೇಲೂ, ಬಂದ್ ಮಾಡಿದ ಮೇಲೂ ಬಿಗಿಯೇ ಇದ್ದರೆ ಹಿಡಿಯ ಜೋಡಣೆಯೋ ಒಳಗಿನ ಕವೆಯೋ ಸವೆದಿರಬಹುದು. ಇದು ಮಿಸ್ತ್ರಿಯ ಕೆಲಸ, ತಡಮಾಡಬಾರದು.

ಒಂದು ಮಾತು ನೆನಪಿಡಿರಿ. ಎಂಜಿನ್ ಬಂದ್ ಇದ್ದಾಗ ಹಲ್ಲಿನ ತುದಿಗೆ ಹಲ್ಲಿನ ತುದಿ ಎದುರಾಗಿ ನಿಂತಿದ್ದರೂ ಗೇರು ಬೀಳುವುದಿಲ್ಲ. ಆಗ ನ್ಯೂಟ್ರಲಿಗೆ ತಂದು, ಬೇರೊಂದು ಗೇರನ್ನು ಮುಟ್ಟಿಸಿ ಮತ್ತೆ ಪ್ರಯತ್ನಿಸಿರಿ. ಅದನ್ನೇ ದೋಷವೆಂದು ತಿಳಿಯಬೇಡಿರಿ.

ಮೇಲೆ ಹೇಳಿದ ಟ್ರ್ಯಾಕ್ಟರನ್ನು ಬಿಚ್ಚಿದಾಗ ಎರಡು ತಪ್ಪುಗಳು ಕಂಡವು. ಕ್ಲಚ್ ಪೆಡಲಿನಲ್ಲಿ ಖಾಲಿ ಓಟ ಅತಿಯಾಗಿತ್ತು. ಅರ್ಧ ಒತ್ತುವವರೆಗೂ ಕ್ಲಚ್ಚಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಇದರ ಜೊತೆಗೆ, ಬೇಸಿಗೆಯಲ್ಲಿ ಗೇರ್‌ಬಾಕ್ಸು ಸದ್ದು ಮಾಡುತ್ತದೆಂದು 90ರ ಎಣ್ಣೆಯ ಬದಲು 140ರ ಎಣ್ಣೆ ಹಾಕಿಸಿದ್ದರು. 140ರ ಎಣ್ಣೆಯು 90ರದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಮಂದ. ಬೇಸಿಗೆಯಲ್ಲಿ ಸದ್ದು ಅಡಗಿತು; ಪುಷ್ಯದಲ್ಲಿ ಅದೇ ಎಣ್ಣೆ ಹಿಡಿಯನ್ನು ಹಿಡಿದುಕೊಂಡಿತು. ಎಣ್ಣೆಯಿಂದ ಬಿಗಿ, ಕ್ಲಚ್ಚಿನಿಂದ ಕರಕರ. ಎರಡರ ಮೇಲೆ ಕೈಯ ಬಲವೂ ಸೇರಿದಾಗ ಹಲ್ಲು ಮುರಿಯಿತು.

ಯಾವ ಎಣ್ಣೆ ಹಾಕಬೇಕು?

ಟ್ರ್ಯಾಕ್ಟರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವುದನ್ನು ಬರೆದಿದೆಯೋ ಅದನ್ನೇ ಹಾಕಬೇಕು. ಡಬ್ಬಿಯ ಮೇಲಿನ ಅಂಕಿಯನ್ನು ಓದುವುದು ಕಷ್ಟವಲ್ಲ. 80 ಡಬ್ಲ್ಯೂ 90 ಎಂದಿದ್ದರೆ, ಡಬ್ಲ್ಯೂ ಎಂಬುದು ಚಳಿಗಾಲದ ಗುರುತು. ಅದರ ಮುಂಚಿನ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ನಡೆದುಕೊಳ್ಳುತ್ತದೆಂಬುದನ್ನೂ, ನಂತರದ ಅಂಕಿ ಕಾದಾಗ ಹೇಗಿರುತ್ತದೆಂಬುದನ್ನೂ ತೋರಿಸುತ್ತದೆ. ಅಂಕಿ ಕಡಿಮೆಯಾದಷ್ಟೂ ಎಣ್ಣೆ ತೆಳು.

ಹಲವು ಟ್ರ್ಯಾಕ್ಟರುಗಳಲ್ಲಿ ಗೇರು, ಹೈಡ್ರಾಲಿಕ್ಸು, ಎಣ್ಣೆಯಲ್ಲಿ ಮುಳುಗಿದ ಬ್ರೇಕು ಇವು ಮೂರಕ್ಕೂ ಒಂದೇ ಎಣ್ಣೆ. ಇಂಥವಕ್ಕೆ ಬೇರೆಯೇ ಜಾತಿಯ ಎಣ್ಣೆ ಇದೆ. ಅಲ್ಲಿ ಬರಿಯ ಗೇರ್ ಆಯಿಲ್ ಹಾಕಿದರೆ ಬ್ರೇಕಿಗೂ ಲಿಫ್ಟಿಗೂ ತೊಂದರೆ. ಡಬ್ಬಿಯ ಮೇಲೆ ಜಿ.ಎಲ್. 4, ಜಿ.ಎಲ್. 5 ಎಂಬ ಗುರುತೂ ಇರುತ್ತದೆ. ಜಿ.ಎಲ್. 5 ಹೆಚ್ಚು ಬಲದ್ದೆಂದು ಎಲ್ಲೆಡೆ ಹಾಕಬಾರದು. ಅದರಲ್ಲಿ ಬೆರೆಸಿದ ಗಂಧಕದ ಅಂಶವು ಕೆಲವು ಸಂದರ್ಭಗಳಲ್ಲಿ ಹಿತ್ತಾಳೆಯ ಬಳೆಯನ್ನು ತಿನ್ನುತ್ತದೆ.

ವಾರಕ್ಕೊಮ್ಮೆ ಎಣ್ಣೆಯ ಮಟ್ಟವನ್ನು ನೋಡಿರಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ಅರ್ಥ. ನೀರು ಹೊಕ್ಕ ದಾರಿಯನ್ನು ಮುಚ್ಚಿಸಿ, ಅಂಥ ಎಣ್ಣೆಯನ್ನು ಬದಲಾಯಿಸಲೇಬೇಕು. ಹಿಡಿಯ ಬುಡದಲ್ಲಿರುವ ರಬ್ಬರಿನ ಟೊಪ್ಪಿಗೆ ಹರಿದಿದ್ದರೆ ಇಬ್ಬನಿ, ಧೂಳು, ಮಳೆನೀರು ಒಳಗಿಳಿಯುತ್ತವೆ. ಸಣ್ಣ ವಸ್ತುವೆಂದು ಅಲಕ್ಷ್ಯ ಮಾಡಬೇಡಿರಿ.

ಮುಂಜಾನೆ ಹೊರಡುವ ಕ್ರಮ

ಗೇರು ನ್ಯೂಟ್ರಲಿನಲ್ಲಿದೆಯೇ ಎಂದು ನೋಡಿ, ಕ್ಲಚ್ಚನ್ನು ಒತ್ತಿ ಎಂಜಿನ್ ಚಾಲೂ ಮಾಡಿರಿ. ಹೀಗೆ ಮಾಡಿದರೆ ಮಂದ ಎಣ್ಣೆಯಲ್ಲಿ ಗೇರುಗಳನ್ನು ತಿರುಗಿಸುವ ಭಾರವು ಬ್ಯಾಟರಿಯ ಮೇಲೆ ಬೀಳುವುದಿಲ್ಲ. ನಂತರ ಕ್ಲಚ್ಚನ್ನು ನಿಧಾನವಾಗಿ ಬಿಟ್ಟು ಐದು ನಿಮಿಷ ಕಡಿಮೆ ವೇಗದಲ್ಲಿ ನಡೆಯಗೊಡಿರಿ. ಆಗ ಒಳಗಿನ ಗೇರುಗಳು ತಿರುಗಿ ಎಣ್ಣೆಯನ್ನು ಕಲಕುತ್ತವೆ.

ಗೇರು ಹಾಕುವಾಗ ಕ್ಲಚ್ಚನ್ನು ತಳದವರೆಗೆ ಒತ್ತಿ, ಮೂರು ಎಣಿಸಿ, ಆಮೇಲೆ ಹಿಡಿಯನ್ನು ಒಂದೇ ಸಮನೆ ಸರಿಸಿರಿ. ಹೊಡೆಯುವುದು, ಒದೆಯುವುದು ಬೇಡ. ಮೊದಲ ಹತ್ತು ನಿಮಿಷ ಸಣ್ಣ ಗೇರಿನಲ್ಲಿ, ಸಾಧ್ಯವಾದರೆ ಖಾಲಿ ಟ್ರೇಲರಿನೊಡನೆ ನಡೆಸಿರಿ.

ಎಂದೂ ಮಾಡಬಾರದ್ದು

ಎಣ್ಣೆ ತೆಳುವಾಗಲೆಂದು ಸೀಮೆಎಣ್ಣೆ, ಡೀಸೆಲ್ ಬೆರೆಸಬಾರದು. ಗೇರು ಹಗುರವಾದೀತು, ಆದರೆ ಹಲ್ಲುಗಳ ನಡುವೆ ಎಣ್ಣೆಯ ಪದರ ನಿಲ್ಲದೆ ಅವು ಸವೆದುಹೋಗುತ್ತವೆ. ಗೇರ್‌ಬಾಕ್ಸಿನ ಕೆಳಗೆ ಬೆಂಕಿ ಹಾಕುವುದಂತೂ ಮನೆಗೇ ಅಪಾಯ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇಳಿಜಾರಿನದು. ಗೇರು ಬಿಗಿಯಿದೆ, ಡೀಸೆಲ್ಲೂ ಉಳಿಯುತ್ತದೆ ಎಂದು ಕೆಲವರು ಇಳುಕಲಿನಲ್ಲಿ ನ್ಯೂಟ್ರಲ್ ಮಾಡಿ ಬಿಡುತ್ತಾರೆ. ವೇಗ ಏರಿದ ಮೇಲೆ ಬಿಗಿಯಾದ ಗೇರು ಮತ್ತೆ ಬೀಳುವುದಿಲ್ಲ. ಎರಡು ಟ್ರೇಲರು ಕಬ್ಬಿನ ಭಾರ ಹಿಂದಿನಿಂದ ದೂಡುತ್ತಿರುವಾಗ ಬರಿಯ ಬ್ರೇಕು ಸಾಲದು. ಹೋಗುವುದು ಟ್ರ್ಯಾಕ್ಟರಲ್ಲ, ಜೀವ. ದಿಬ್ಬದ ಮೇಲೆಯೇ ನಿಲ್ಲಿಸಿ, ಸಣ್ಣ ಗೇರು ಹಾಕಿ, ಅದೇ ಗೇರಿನಲ್ಲಿ ಕೆಳಗಿಳಿಯಿರಿ. ನಡುವೆ ಕ್ಲಚ್ ಮುಟ್ಟಬೇಡಿರಿ. ಟ್ರ್ಯಾಕ್ಟರು ನಡೆಸುವ ಮಕ್ಕಳಿಗೆ, ಆಳುಗಳಿಗೆ ಇದನ್ನು ಬಾಯಿಬಿಟ್ಟು ಹೇಳಿರಿ.

ನಾನು ನಿಮ್ಮ ಊರಿಗೆ ಬಂದಾಗ ಟ್ರ್ಯಾಕ್ಟರಿನ ಪುಸ್ತಕವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಡಿರಿ. ಇಂಗ್ಲಿಷಿನಲ್ಲಿದ್ದರೆ ಚಾವಡಿಯಲ್ಲಿ ಕೂತು ಕೂಡಿ ಓದೋಣ. ಎಣ್ಣೆಯ ಅಂಕಿಯನ್ನೂ ಕ್ಲಚ್ ಪೆಡಲಿನ ಓಟದ ಅಳತೆಯನ್ನೂ ಕನ್ನಡದಲ್ಲಿ ಬರೆದು ಟ್ರ್ಯಾಕ್ಟರಿಗೇ ಅಂಟಿಸೋಣ. ಈ ಸಲ ನಾನು ನೋಡದೆ ಮಾತು ಹೇಳುವುದಿಲ್ಲ.

— ನಿಮ್ಮ ಗ್ರಾಮಸೇವಕ