ಕಡಲ ಮನೆತನದ ಕಲ್ಲುಕುಟಿಗ

ವಂಶಚರಿತ್ರೆಯೆಂದೊಡನೆ ನಾವು ಅರಸುಮನೆತನಗಳನ್ನು ನೆನೆಯುತ್ತೇವೆ. ಕಲ್ಲುಕುಟಿಗನ ಮನೆತನಕ್ಕೂ ಚರಿತ್ರೆಯುಂಟೆ? ಸ್ಕಾಟ್ಲೆಂಡಿನ ಈಶಾನ್ಯ ತೀರದಲ್ಲಿ ಕ್ರೋಮಾರ್ಟಿಯೆಂಬ ಸಣ್ಣ ರೇವುಪಟ್ಟಣವಿದೆ. ಅಲ್ಲಿ 1802ರಲ್ಲಿ ಜನಿಸಿದ ಹ್ಯೂ ಮಿಲ್ಲರನ ಮನೆತನವನ್ನು ನೋಡೋಣ.

ಇವನ ಪೂರ್ವಿಕರು ನಾವಿಕರು. ಹಲವರು ಕಡಲಿನಲ್ಲಿಯೇ ಮಡಿದವರು. ಹಿರಿಯನೊಬ್ಬನು ಕಡಲುಗಳ್ಳತನದಿಂದ ಬಂದ ಹಣದಲ್ಲಿ ಮನೆ ಕಟ್ಟಿಸಿದನೆಂದು ಪ್ರತೀತಿ. ತಂದೆಯು ಹಡಗಿನ ಒಡೆಯ. 1807ರ ಬಿರುಗಾಳಿಯಲ್ಲಿ ಹಡಗಿನೊಡನೆ ಮುಳುಗಿದನು. ಆಗ ಮಗನಿಗೆ ಐದು ವರ್ಷ. ತಾಯಿ ಹೊಲಿಗೆಯಿಂದ ಸಂಸಾರ ತೂಗಿಸಿದಳು. ಸೋದರಮಾವಂದಿರಿಬ್ಬರು ಹುಡುಗನಿಗೆ ಆಸರೆಯಾದರು. ಅವನನ್ನು ಕಾಲೇಜಿಗೆ ಕಳುಹಿಸಬೇಕೆಂಬುದು ಅವರ ಆಸೆ. ಅವನು ಒಲ್ಲೆನೆಂದು, ಹದಿನೇಳನೆಯ ವಯಸ್ಸಿನಲ್ಲಿ ಬಂಧುವೊಬ್ಬನ ಕೈಕೆಳಗೆ ಕಲ್ಲುಕೆಲಸಕ್ಕೆ ಸೇರಿದನು. (ಪಾಠ ಹೇಳಿ ಬದುಕುವ ನಮಗೆ ಇದು ಅಷ್ಟೇನೂ ಹಿತವಾದ ಸುದ್ದಿಯಲ್ಲ!)

ಕಲ್ಲುಗಣಿಯಲ್ಲಿ ಚಪ್ಪಡಿಯೊಂದನ್ನು ಎಬ್ಬಿಸಿದಾಗ ಅದರ ಕೆಳಗಿನ ಬಂಡೆಯ ಮೇಲೆ, ಆಗತಾನೆ ನೀರಿಳಿದ ಮರಳದಂಡೆಯಲ್ಲಿರುವಂತೆ, ಅಲೆಯ ಗೆರೆಗಳು ಕಂಡುವು. ಕಲ್ಲಾಗುವ ಮುನ್ನ ಅದು ನೀರಿನಡಿಯ ಮರಳು! ಮುಂದೆ ಊರಿನ ತೀರದ ಬಂಡೆಗಳಲ್ಲಿಯೇ ಅವನಿಗೆ ಪುರಾತನ ಮತ್ಸ್ಯಗಳ ಅವಶೇಷಗಳು ದೊರೆತುವು. 1841ರಲ್ಲಿ ಪ್ರಕಟವಾದ ‘ದಿ ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್’ ಎಂಬ ಗ್ರಂಥದಿಂದ ಅವನು ಭೂವಿಜ್ಞಾನಿಯೆಂದು ಪ್ರಸಿದ್ಧನಾದನು.

ಆದರೆ ಕಲ್ಲಿನ ದೂಳು ಅವನ ಶ್ವಾಸಕೋಶಗಳನ್ನು ಕೆಡಿಸಿತ್ತು. 1834ರಲ್ಲಿ ಉಳಿಯನ್ನು ಕೆಳಗಿಟ್ಟು ಬ್ಯಾಂಕಿನ ಲೆಕ್ಕ ಬರೆಯಲು ಹೋದನು. 1837ರಲ್ಲಿ ವಿವಾಹವಾಯಿತು. ಚೊಚ್ಚಲ ಮಗಳು ಎಲೈಜಾ ಎರಡು ವರ್ಷ ತುಂಬುವ ಮೊದಲೇ ತೀರಿಹೋದಳು. ಆಗ ಮಿಲ್ಲರನು ಮತ್ತೆ ಉಳಿ ಹಿಡಿದು, ಮಗುವಿನ ಸಮಾಧಿಯ ಕಲ್ಲನ್ನು ತಾನೇ ಕೆತ್ತಿದನು. ಅದೇ ಅವನ ಕೊನೆಯ ಕಲ್ಲುಕೆಲಸ.