ಫೈಲು ಹಂಚುವುದು ಯಾರ ಕೆಲಸ?

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋದಲ್ಲಿ ಕಟ್ಟಿದ ತಾಣವನ್ನು ಡೀಬಗ್ ಆಫ್ ಮಾಡಿ ಸರ್ವರಿಗೆ ಏರಿಸಿದ ಕೂಡಲೇ ಬಣ್ಣ, ಚಿತ್ರ, ಫಾಂಟು ಎಲ್ಲ ಮಾಯವಾಗಿ ಬರೀ ಅಕ್ಷರ ಉಳಿಯುವುದುಂಟು. ಹೊಸಬರು ಇದನ್ನು ದೋಷವೆಂದೇ ತಿಳಿಯುತ್ತಾರೆ. ಆದರೆ ಆಗ ಜಾಂಗೋ ಈ ಫೈಲುಗಳನ್ನು ತಾನೇ ಹಂಚದಿರುವುದು ಬೇಕೆಂದೇ ಮಾಡಿದ ಏರ್ಪಾಡು, ಸರಿಯಾದ ಏರ್ಪಾಡೂ ಹೌದು. ಪುಟ ರಚಿಸಲು ಡೇಟಾಬೇಸ್ ಕೇಳಬೇಕು, ಬಂದವರು ಯಾರೆಂದು ನೋಡಬೇಕು. ಅದಕ್ಕೆ ಪೈಥಾನ್ ಬೇಕು. ಲೋಗೊ ಕಳಿಸಲು ಅದಾವುದೂ ಬೇಡ. ಜಾಂಗೋ ಆ್ಯಪನ್ನು ನಡೆಸುವ ಸರ್ವರ್ ಗುನಿಕಾರ್ನ್‌ನ ಸಾಮಾನ್ಯ ವರ್ಕರ್ ಒಂದು ಸಲಕ್ಕೆ ಒಂದೇ ಕೋರಿಕೆಯನ್ನು ನಿಭಾಯಿಸುತ್ತದೆ. ನಾಲ್ಕು ಕೋರ್‌ಗಳ ಯಂತ್ರಕ್ಕೆ ವಾಡಿಕೆಯ ಲೆಕ್ಕದಂತೆ 9 ವರ್ಕರ್‌ಗಳು. ನಿಧಾನ ಸಂಪರ್ಕದ 9 ಫೋನುಗಳು ದೊಡ್ಡ ಚಿತ್ರವೊಂದನ್ನು ನೇರವಾಗಿ ಈ ವರ್ಕರ್‌ಗಳಿಂದಲೇ ಇಳಿಸಿಕೊಳ್ಳುತ್ತಿದ್ದರೆ ಹತ್ತನೆಯವರ ಲಾಗಿನ್ ಕಾಯಬೇಕು. ಇಗೋರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದ ವೆಬ್ ಸರ್ವರ್ ಎಂಜಿನ್‌ಎಕ್ಸ್ ಒಂದೇ ಪ್ರೊಸೆಸ್‌ನಲ್ಲಿ ಸಾವಿರಾರು ಸಂಪರ್ಕಗಳನ್ನು ಹಿಡಿದುಕೊಳ್ಳಬಲ್ಲದು. ಸೆಂಡ್‌ಫೈಲ್ ಎಂಬ ಸಿಸ್ಟಂ ಕಾಲ್ ಮೂಲಕ ಫೈಲನ್ನು ಕರ್ನಲ್‌ನಿಂದಲೇ ಸಾಕೆಟ್ಟಿಗೆ ದಾಟಿಸಬಲ್ಲದು.

ಹಾಗಾದರೆ ವೈಟ್‌ನಾಯ್ಸ್ ಎಂಬ ಪೈಥಾನ್ ಲೈಬ್ರರಿ ಆ್ಯಪಿನ ಒಳಗಿಂದಲೇ ಫೈಲು ಹಂಚಿ ಗೆದ್ದದ್ದು ಹೇಗೆ? ಗಟ್ಟಿಯಾದ ಆಕ್ಷೇಪವಿದು. ಉತ್ತರ ಫೈಲಿನ ಹೆಸರಿನಲ್ಲಿದೆ. ಜಾಂಗೋ 1.7 (2014) ತಂದ ಮ್ಯಾನಿಫೆಸ್ಟ್ ಸ್ಟೋರೇಜ್, ಫೈಲುಗಳನ್ನು ಒಂದೆಡೆ ಕಲೆಹಾಕುವ ಕಲೆಕ್ಟ್‌ಸ್ಟ್ಯಾಟಿಕ್ ಆಜ್ಞೆ ನಡೆಸಿದಾಗ ಫೈಲಿನ ಒಳಗಿರುವುದರಿಂದ ಹ್ಯಾಶ್ ಲೆಕ್ಕಹಾಕಿ ಹೆಸರಿಗೆ ಸೇರಿಸುತ್ತದೆ. ರೂಬಿಯ ಫ್ರೇಮ್‌ವರ್ಕ್ ರೈಲ್ಸ್ 2011ರಲ್ಲೇ ಈ ದಾರಿ ಹಿಡಿದಿತ್ತು. ಒಳಗೆ ಒಂದಕ್ಷರ ಬದಲಾದರೂ ಹೆಸರು ಬದಲಾಗುವುದರಿಂದ, ವರ್ಷವಿಡೀ ಇಟ್ಟುಕೋ, ಮತ್ತೆ ಕೇಳಬೇಡ ಎಂದು ಬ್ರೌಸರಿಗೆ ಧೈರ್ಯವಾಗಿ ಹೇಳಬಹುದು. ಮುಂದೆ ಫೈಲುಗಳ ಪ್ರತಿ ಇಟ್ಟುಕೊಂಡು ಹಂಚುವ ಸಿಡಿಎನ್ ಜಾಲ ಇದ್ದರೆ ಮೂಲ ಸರ್ವರಿಗೆ ಬರುವ ಕೋರಿಕೆಗಳು ಇನ್ನೂ ವಿರಳ. ಆಗ ಹಂಚುವವರು ಯಾರೆಂಬುದು ಸಣ್ಣ ಮಾತಾಗುತ್ತದೆ. ಫ್ರೇಮ್‌ವರ್ಕಿಗೆ ಸಹಜವಾಗಿ ಒಪ್ಪುವ ಕೆಲಸ ಈ ಹೆಸರಿಡುವಿಕೆ, ಏಕೆಂದರೆ ಪುಟದಲ್ಲಿ ಆ ಹೆಸರನ್ನು ಬರೆಯುವುದೂ ಅದೇ.

ಫೈಲು ಹಂಚಲು ಪ್ರತ್ಯೇಕ ಸರ್ವರೇ ಹೆಚ್ಚು ಸುರಕ್ಷಿತ ಎಂಬ ವಾದವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಮಾಗಿದ ಸರ್ವರ್ ಎಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ: 2021ರಲ್ಲಿ ಅಪಾಚೆ ವೆಬ್ ಸರ್ವರಿನ 2.4.49ನೇ ಆವೃತ್ತಿಯಲ್ಲಿ ಸಿಕ್ಕ ದೋಷದಿಂದ, ಕಾನ್ಫಿಗರೇಷನ್ ಸಡಿಲವಾಗಿದ್ದ ಕಡೆ, ತಾಣದ ಫೋಲ್ಡರಿನ ಆಚೆಯ ಫೈಲುಗಳನ್ನೂ ಓದಬಹುದಿತ್ತು. ವೈಟ್‌ನಾಯ್ಸ್ ಶುರುವಾಗುವಾಗಲೇ ಫೈಲುಗಳ ಪಟ್ಟಿ ಮಾಡಿಕೊಂಡು, ಅದರಲ್ಲಿ ಇಲ್ಲದ್ದನ್ನು ಕೊಡುವುದೇ ಇಲ್ಲ. ಇದು ಒಳ್ಳೆಯ ಕ್ರಮ.

ಒತ್ತಕ್ಷರಗಳ ರೂಪಗಳನ್ನೆಲ್ಲ ಹೊರಬೇಕಾದ ಕನ್ನಡ ಫಾಂಟಿನ ಫೈಲು ಸಹಜವಾಗಿಯೇ ತೂಕದ್ದು, ಬದಲಾಗುವುದು ಅಪರೂಪ. ಒಮ್ಮೆ ಇಳಿಸಿ ಇಟ್ಟುಕೊಳ್ಳಲು ತಕ್ಕದ್ದು. ಹಾಗಾಗಿ ಕನ್ನಡ ತಾಣ ಕಟ್ಟುವವರು ಸರ್ವರ್ ಯಾವುದೆಂದು ಚರ್ಚಿಸುವ ಮೊದಲು ಮ್ಯಾನಿಫೆಸ್ಟ್ ಸ್ಟೋರೇಜ್ ಆನ್ ಮಾಡಲಿ. ಜಾಂಗೋದಲ್ಲಿ ಅದು ತಾನಾಗಿ ಚಾಲೂ ಆಗಿರುವುದಿಲ್ಲ.